ಸಂಬಳ ಬಿಟ್ಟ ಸರ್ಕಾರ ಮನೆ ಬಾಗಿಲಿಗೆ ಬಂತು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಒಬ್ಬರು ಟೆಕ್ಸಾಸನ್ನು ಹಾಡಿ ಹೊಗಳಿದ್ದರು. ಅಮೆರಿಕದ ಆ ರಾಜ್ಯದಲ್ಲಿ ಸರ್ಕಾರ ಜನರ ಸಂಬಳ ಮುಟ್ಟುವುದೇ ಇಲ್ಲವಂತೆ. ಆದರೂ ರಸ್ತೆಗಳು ಕನ್ನಡಿ ಹಾಗಿವೆಯಂತೆ. ನಮ್ಮಲ್ಲೂ ಆದಾಯ ತೆರಿಗೆ ತೆಗೆದುಹಾಕಿ, ಬೇಕಿದ್ದರೆ ಜಿಎಸ್‌ಟಿ ಮತ್ತು ಮನೆ ಕಂದಾಯ ಒಂದಿಷ್ಟು ಜಾಸ್ತಿ ಮಾಡಲಿ ಅನ್ನುವುದು ಅವರ ವಾದ. ರಸ್ತೆ ವಿಷಯ ನಿಜ, ಒಪ್ಪಿದೆ. ಮಿಕ್ಕಿದ್ದಕ್ಕೆ ಒಂದು ಉತ್ತರ ಬರೆಯೋಣ ಅಂತ ಕೂತೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿ ಹಾಕಬೇಡಿ.

ನಾನು ತುಮಕೂರು ಜಿಲ್ಲೆಯ ಒಂದು ಪುರಸಭೆಯಲ್ಲಿ ಬಿಲ್ ಕಲೆಕ್ಟರ್ ಆಗಿದ್ದವನು. 1984ರಲ್ಲಿ ಸೇರಿ 2015ರಲ್ಲಿ ನಿವೃತ್ತನಾದೆ. 31 ವರ್ಷ ಸೈಕಲ್ಲಿನ ಹ್ಯಾಂಡಲಿಗೆ ಚೀಲ ನೇತುಹಾಕಿಕೊಂಡು, ರಸೀದಿ ಪುಸ್ತಕದ ನಡುವೆ ಕಾರ್ಬನ್ ಹಾಳೆ ಇಟ್ಟುಕೊಂಡು ಮನೆಮನೆ ತಿರುಗಿದ್ದೇನೆ. ನಾನು ಬೀದಿಯ ತುದಿಗೆ ಬಂದರೆ ಸಾಕು, ಮಕ್ಕಳು 'ಕಂದಾಯದವರು ಬಂದ್ರು' ಅಂತ ಕೂಗಿ ಒಳಗೆ ಓಡುತ್ತಿದ್ದವು. ಆಮೇಲೆ ಮನೆ ಯಜಮಾನ ಊರಲ್ಲೇ ಇರುತ್ತಿರಲಿಲ್ಲ! ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು ಅನ್ನುತ್ತಾರಲ್ಲ, ಆ ಸುಂಕದವನು ನಾನೇ. ಜನ ಹೇಳಿಕೊಂಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದೇನೆ. ಹಾಗಾಗಿ ತೆರಿಗೆ ಅಂದರೆ ನನಗೆ ಪುಸ್ತಕದ ವಿಷಯವಲ್ಲ.

ಮಗ ಟೆಕ್ಸಾಸಿನಲ್ಲಿದ್ದಾನೆ, ಡಲ್ಲಾಸಿನ ಉತ್ತರಕ್ಕೆ ಬೆಳೆದಿರುವ ಊರುಗಳಲ್ಲಿ ಒಂದರಲ್ಲಿ. ಮಗಳು ಅಳಿಯ ಇರುವುದು ಪಶ್ಚಿಮದ ಒರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ. 2024ರ ಡಿಸೆಂಬರಿನಲ್ಲಿ ನಾನು ಮತ್ತು ನನ್ನಾಕೆ ಹೋಗಿ, ಹೋದ ವರ್ಷ ಮೇ ಕೊನೆಗೆ ವಾಪಸ್ ಬಂದೆವು. ಇದು ಸುಮ್ನೆ ಆಗಿಬಂದ ಜೋಡಿ. ಆದರೆ ತೆರಿಗೆ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆ ಜೋಡಿ ಬೇರೆ ಸಿಗುವುದಿಲ್ಲ. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಮಾರಾಟ ತೆರಿಗೆ ಇದೆ. ಒರೆಗಾನಿನಲ್ಲಿ ಮಾರಾಟ ತೆರಿಗೆ ಇಲ್ಲ, ಆದಾಯ ತೆರಿಗೆ ಇದೆ. ಮನೆ ಕಂದಾಯ ಎರಡೂ ಕಡೆ ಇದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟೆಕ್ಸಾಸಿನವರೂ ಇನ್ಕಮ್ ಟ್ಯಾಕ್ಸ್ ಕಟ್ಟುತ್ತಾರೆ. ವಾಷಿಂಗ್ಟನ್ನಿನ ಕೇಂದ್ರ ಸರ್ಕಾರಕ್ಕೆ ಕಟ್ಟುತ್ತಾರೆ, ಅದರ ಮೇಲಿನ ದರ ಶೇ 37ರವರೆಗೆ ಇದೆ. ಅವರಿಗೆ ತಪ್ಪಿರುವುದು ಅದರ ಮೇಲೆ ರಾಜ್ಯ ಹಾಕುವ ಇನ್ನೊಂದು ಮಾತ್ರ. ನಿಮ್ಮ ಪತ್ರದ ಲೇಖಕರು ಇದನ್ನು ಮರೆತಿದ್ದಾರೆ.

ಮಗನ ಮನೆಗೆ ಹೋದ ಮೂರನೇ ದಿನ, ಬೆಳಿಗ್ಗೆ ಹಾಲು ತೆಗೆಯಲು ಫ್ರಿಜ್ ಹತ್ತಿರ ಹೋದೆ. ಬಾಗಿಲಿಗೆ ಒಂದು ಕಾಗದ ಅಂಟಿಸಿತ್ತು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ಆ ಕಾಗದ ಓದಲು ಭಾಷೆ ಬೇಕಿರಲಿಲ್ಲ. ಒಂದು ಕಡೆ ಆಸ್ತಿಯ ಬೆಲೆ, ಪಕ್ಕದಲ್ಲಿ ವಿನಾಯಿತಿ, ಆಮೇಲೆ ನೂರಕ್ಕೆ ಇಷ್ಟು ಅಂತ ದರ, ಕೊನೆಗೆ ಮೊತ್ತ. ನನ್ನ ಹಳೇ ಡಿಮ್ಯಾಂಡ್ ನೋಟಿಸೇ! ಹಾಲು ಅಲ್ಲೇ ಬಿಟ್ಟು ಕನ್ನಡಕ ತಂದೆ.

ಮನೆಯ ಬೆಲೆ 5 ಲಕ್ಷದ 20 ಸಾವಿರ ಡಾಲರ್ ಅಂತ ಹಾಕಿದ್ದರು. ಚಿಲ್ಲರೆ ಬಿಟ್ಟು ಹೇಳುತ್ತೇನೆ. ಅದರಲ್ಲಿ 1 ಲಕ್ಷ ಡಾಲರ್ ಕಳೆದು ಮಿಕ್ಕಿದ್ದಕ್ಕೆ ಶಾಲೆಯ ತೆರಿಗೆ 4,620 ಡಾಲರ್. ಊರಿನ ನಗರಸಭೆಗೆ 2,184. ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯ ಹಾಗೆ ಅನ್ನಿ, 780. ಕಾಲೇಜಿಗೆ 416. ಕೂಡಿದರೆ 8 ಸಾವಿರ ಡಾಲರ್. ಜನವರಿ 31ರೊಳಗೆ ಕಟ್ಟಬೇಕು. ರೂಪಾಯಿ ಲೆಕ್ಕದಲ್ಲಿ 6 ಲಕ್ಷದ 80 ಸಾವಿರ ಆಯಿತು. ನನ್ನ ಸ್ವಂತ ಮನೆಗೆ ನಾನು ವರ್ಷಕ್ಕೆ ಕಟ್ಟುವುದು 2,340 ರೂಪಾಯಿ. ಅಷ್ಟಕ್ಕೇ ನಮ್ಮ ಬೀದಿಯವರು ಪುರಸಭೆಗೆ ಶಾಪ ಹಾಕುತ್ತಾರೆ.

'ಟ್ಯಾಕ್ಸ್ ಇಲ್ಲದ ಊರು ಅಂದಿದ್ದೆಯಲ್ಲೋ' ಅಂದೆ. 'ಸ್ಟೇಟ್ ಟ್ಯಾಕ್ಸ್ ಇಲ್ಲಪ್ಪ, ಇದು ಲೋಕಲ್ಲು' ಅಂದ. ಮಾತು ಸರಿಯೇ. ಟೆಕ್ಸಾಸ್ ರಾಜ್ಯ ಸರ್ಕಾರ ಮನೆಗೆ ತೆರಿಗೆ ಹಾಕುವುದಿಲ್ಲ. ಶಾಲಾ ಮಂಡಳಿ, ನಗರಸಭೆ, ಕೌಂಟಿ ಹಾಕುತ್ತವೆ. ಕೊಡುವವನ ಜೇಬು ಮಾತ್ರ ಒಂದೇ.

ನಮ್ಮಲ್ಲಿ ಮನೆ ಕಂದಾಯ ಅಂದರೆ ಬೀದಿ ದೀಪ, ಚರಂಡಿ. ಅದರ ಬಾಲಕ್ಕೆ ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ. ಮೇಷ್ಟ್ರ ಸಂಬಳ ಅದರಿಂದ ಬರುವುದಿಲ್ಲ, ರಾಜ್ಯದ ಖಜಾನೆಯಿಂದ ಬರುತ್ತದೆ. ಅಲ್ಲಿ ಹಾಗಲ್ಲ. ಶಾಲೆಯ ದುಡ್ಡಿನಲ್ಲಿ ದೊಡ್ಡ ಪಾಲು ಆಸ್ತಿ ಕಂದಾಯದ್ದೇ. ಮೊಮ್ಮಗಳ ಶಾಲೆ ನೋಡಲು ಹೋಗಿದ್ದೆ. ಆಟದ ಮೈದಾನದ ಹುಲ್ಲು ನಮ್ಮ ತಾಲ್ಲೂಕು ಕ್ರೀಡಾಂಗಣದಲ್ಲೂ ಇಲ್ಲ. ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ, ಅದನ್ನು ಮೆಚ್ಚಬೇಕು.

ಆದರೆ ನಾನು ಕಂಡಿದ್ದು ಇನ್ನೊಂದು. ಜನವರಿ ಎರಡನೇ ವಾರ ಮಗನ ಕೆಲಸ ಹೋಯಿತು. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ, ಹತ್ತು ನಿಮಿಷದ ಮೀಟಿಂಗು, ಆಮೇಲೆ ಲ್ಯಾಪ್‌ಟಾಪ್ ಕೆಲಸ ಮಾಡಲಿಲ್ಲ. ಅಷ್ಟೇ. ಸೊಸೆ ಆಗ ಕೆಲಸದಲ್ಲಿರಲಿಲ್ಲ, ಎರಡನೇ ಮಗು ಇನ್ನೂ ಚಿಕ್ಕದು. ಆ ರಾತ್ರಿ ಊಟದ ಟೇಬಲ್ಲಿನ ಮೇಲೆ ಖರ್ಚಿನ ಪಟ್ಟಿ ಬರೆದೆವು. ಮನೆ ಸಾಲದ ಕಂತು 2,400 ಡಾಲರ್. ಬಿಡಿಸಿ ನೋಡಿದರೆ ಅದರಲ್ಲಿ 667 ಡಾಲರ್ ಕಂದಾಯ. ಅಲ್ಲಿ ಸಾಲ ಕೊಟ್ಟ ಬ್ಯಾಂಕಿನವರೇ ತಿಂಗಳು ತಿಂಗಳು ಕಂದಾಯ ಕೂಡಿಸಿಟ್ಟುಕೊಂಡು ಗಡುವಿನೊಳಗೆ ಕಟ್ಟುತ್ತಾರೆ. ಹೊರಗೆ ಊಟ ನಿಲ್ಲಿಸಬಹುದು, ನಿಲ್ಲಿಸಿದೆವು. ಟಿವಿಯ ಮೂರು ಚಂದಾ ರದ್ದು ಮಾಡಿದೆವು. ಈ 667ನ್ನು ಏನು ಮಾಡುವುದು? ಸಂಬಳ ಬರಲಿ ಬಿಡಲಿ, ಅದು ಬರುತ್ತದೆ. ಮಗ ಮೊದಲ ಸಲ ಬೇಸರದಲ್ಲಿ ಒಂದು ಮಾತಾಡಿದ: 'ಸಾಲ 2051ಕ್ಕೆ ತೀರುತ್ತೆ ಅಪ್ಪ, ಇದು ಯಾವತ್ತೂ ತೀರಲ್ಲ.'

ಅವತ್ತು ನನಗೆ ನಮ್ಮೂರಿನ ಒಂದು ಮನೆ ನೆನಪಾಯಿತು. 1990ರ ಆಸುಪಾಸು. ತೊಟ್ಟಿ ಮನೆ, ಹಳೇ ಶ್ಯಾನುಭೋಗರ ಕಾಲದ್ದು, ಕಂಬಗಳೇ ತೋಳಿಗೆ ಸಿಗದಷ್ಟು ದಪ್ಪ. ಒಳಗೆ ಒಬ್ಬರೇ ಅಜ್ಜಿ. ಮನೆ ದೊಡ್ಡದು, ಒಲೆ ಚಿಕ್ಕದು. ನಮ್ಮ ರಿಜಿಸ್ಟರಿನಲ್ಲಿ ಮಾತ್ರ ಆ ಬೀದಿಗೆಲ್ಲ ಜಾಸ್ತಿ ಕಂದಾಯ ಅವರದೇ. ನಾನು ಹೋದಾಗ ಹಿತ್ತಿಲಿನಿಂದ ಕೊಬ್ಬರಿ ಗಿಟುಕು ತಂದು ಎಣಿಸುತ್ತಿದ್ದರು. 'ಸೋಮವಾರ ಬಾ, ಮಂಡಿಯವನು ದುಡ್ಡು ಕೊಡ್ತಾನೆ' ಅನ್ನುತ್ತಿದ್ದರು. ಅಜ್ಜಿಯ ಬಡತನ ಹಾಕಲು ನನ್ನ ರಿಜಿಸ್ಟರಿನಲ್ಲಿ ಒಂದು ಕಾಲಂ ಇರಲಿಲ್ಲ. ಮನೆ ಕಂದಾಯದ ದೋಷ ಇದೇ. ಅದು ಗೋಡೆ ಅಳೆಯುತ್ತದೆ, ಗೋಡೆಯೊಳಗಿನವರ ಜೇಬು ಅಳೆಯುವುದಿಲ್ಲ.

ಟೆಕ್ಸಾಸಿನವರು ಇದನ್ನು ಯೋಚಿಸಿಲ್ಲ ಅಂತಲ್ಲ. 65 ದಾಟಿದವರಿಗೆ ಶಾಲೆಯ ತೆರಿಗೆಯನ್ನು ಆ ವರ್ಷದ ಮೊತ್ತಕ್ಕೇ ಕಟ್ಟಿಹಾಕುತ್ತಾರೆ, ಮೇಲೆ ಏರುವುದಿಲ್ಲ. ಬೇಕಿದ್ದರೆ ಬದುಕಿರುವವರೆಗೆ ತೆರಿಗೆ ಮುಂದೂಡಲೂಬಹುದು, ಶೇ 5 ಬಡ್ಡಿ ಕೂಡುತ್ತಾ ಹೋಗುತ್ತದೆ. ನಮ್ಮ ತೊಟ್ಟಿ ಮನೆ ಅಜ್ಜಿಗೆ ಇಷ್ಟು ಅನುಕೂಲ ಇದ್ದಿದ್ದರೆ! ಆದರೆ ನನ್ನ ಮಗನಿಗೆ 38 ವರ್ಷ.

ಈಗ ಅಂಗಡಿ ತೆರಿಗೆ. ನನ್ನಾಕೆ ಏನೇ ತೆಗೆದರೂ ಒಂದೂಕಾಲು ಡಾಲರ್ ಅನ್ನುವ ಅಂಗಡಿಗೆ ಹೋಗಿ ಒಂದು ಬಾಚಣಿಗೆ ಆರಿಸಿದಳು. ಕೈಯಲ್ಲಿ ಲೆಕ್ಕ ಮಾಡಿ ಇಟ್ಟುಕೊಂಡಿದ್ದು ಒಂದು ಡಾಲರ್ ನೋಟು, 25 ಸೆಂಟಿನ ಒಂದು ನಾಣ್ಯ. ಕೌಂಟರಿನ ಹುಡುಗಿ '1.35' ಅಂದಳು. ಇವಳು ಬೆಲೆ ಚೀಟಿ ತೋರಿಸಿದಳು. ಆ ಹುಡುಗಿ ಪರದೆ ತೋರಿಸಿದಳು. ಇವಳು ಮತ್ತೆ ಚೀಟಿ ತೋರಿಸಿದಳು. ಹಿಂದೆ ಸಾಲು ಬೆಳೆಯಿತು. ಕೊನೆಗೆ ಸೊಸೆ ಬಂದು ಹತ್ತು ಸೆಂಟು ಕೊಟ್ಟಳು. ಎಂಆರ್‌ಪಿ ನೋಡಿ ಬೆಳೆದವರಿಗೆ ಇದು ಮೋಸದ ಹಾಗೇ ಕಾಣುತ್ತದೆ, ಅಲ್ವಾ? ಮನೆಗೆ ಬಂದಮೇಲೂ 'ಬರೆದಿರೋದು ಒಂದು, ತಗೊಳ್ಳೋದು ಇನ್ನೊಂದು' ಅಂತ ಗೊಣಗಿದಳು. ನನಗೇನೋ ಆ ಪದ್ಧತಿ ಸರಿ ಅನ್ನಿಸಿತು. ಅಂಗಡಿಯವನಿಗೆ ಎಷ್ಟು, ಸರ್ಕಾರಕ್ಕೆ ಎಷ್ಟು ಅಂತ ಪ್ರತಿ ಸಲ ಮುಖಕ್ಕೆ ಹಿಡಿದು ತೋರಿಸುತ್ತಾರೆ. ನಮ್ಮಲ್ಲಿ ಬಿಲ್ಲಿನ ಕೊನೆಯಲ್ಲಿ ಇರುವೆ ಅಕ್ಷರದಲ್ಲಿ ಕೇಂದ್ರದ ಪಾಲು ಸಿಜಿಎಸ್‌ಟಿ, ರಾಜ್ಯದ ಪಾಲು ಎಸ್‌ಜಿಎಸ್‌ಟಿ ಅಂತ ಬರೆದಿರುತ್ತದೆ. ಯಾರು ಓದುತ್ತಾರೆ?

ಟೆಕ್ಸಾಸಿನಲ್ಲಿ ರಾಜ್ಯದ ಮಾರಾಟ ತೆರಿಗೆ ಶೇ 6.25. ಅದರ ಮೇಲೆ ಊರಿನವರು ಶೇ 2ರವರೆಗೆ ಸೇರಿಸಬಹುದು. ಮಗನ ಊರಲ್ಲಿ ಒಟ್ಟು 8.25. ಬೇಳೆ, ಅಕ್ಕಿ, ತರಕಾರಿ, ಔಷಧಕ್ಕೆ ಇಲ್ಲ. ಅಲ್ಲಿನ ನಮ್ಮವರ ಅಂಗಡಿಯಲ್ಲಿ ತೊಗರಿ ಬೇಳೆಗೆ ತೆರಿಗೆ ಬೀಳಲಿಲ್ಲ, ಪಕ್ಕದಲ್ಲಿದ್ದ ಬಿಸಿ ಸಮೋಸಕ್ಕೆ ಬಿತ್ತು. ನಮ್ಮಲ್ಲಿ 2022ರ ಜುಲೈನಿಂದ ದೊಡ್ಡ ಕಂಪನಿಯ ಹೆಸರಿಲ್ಲದಿದ್ದರೂ ಚೀಟಿ ಅಂಟಿಸಿದ ಪ್ಯಾಕೆಟ್ಟಿನ ಬೇಳೆಗೂ ಶೇ 5 ಹಾಕಿದರು, ನೆನಪಿರಬಹುದು. ಈ ವಿಷಯದಲ್ಲಿ ಟೆಕ್ಸಾಸೇ ವಾಸಿ.

ಫೆಬ್ರುವರಿಯಲ್ಲಿ ಮಗಳ ಮನೆಗೆ ಹೋದೆವು. ಅಲ್ಲಿ ಮಳೆಯೋ ಮಳೆ, ಮಲೆನಾಡಿನ ಆಷಾಢದ ಹಾಗೆ. ಆದರೆ ಅಂಗಡಿಯಲ್ಲಿ ನನ್ನಾಕೆಗೆ ಹೋದ ಜೀವ ಬಂತು. ಚೀಟಿಯಲ್ಲಿ 10 ಡಾಲರ್ ಇದ್ದರೆ 10 ಡಾಲರೇ. ಒರೆಗಾನಿನ ಜನ ಮಾರಾಟ ತೆರಿಗೆಯನ್ನು ಒಂಬತ್ತು ಸಲ ಮತ ಹಾಕಿ ಸೋಲಿಸಿದ್ದಾರೆ, ಕೊನೆಯ ಸಲ 1993ರಲ್ಲಿ. ಟೆಕ್ಸಾಸಿನವರದು ಇದಕ್ಕೆ ತಿರುವು ಮುರುವು. ರಾಜ್ಯದಲ್ಲಿ ಯಾವತ್ತೂ ಆದಾಯ ತೆರಿಗೆ ಬರಕೂಡದು ಅಂತ 2019ರಲ್ಲಿ ಮತ ಹಾಕಿ ಸಂವಿಧಾನಕ್ಕೇ ಸೇರಿಸಿದರು. ಒಂದೊಂದು ರಾಜ್ಯದ ಜನಕ್ಕೆ ಒಂದೊಂದು ತೆರಿಗೆ ಕಂಡರೆ ಆಗುವುದಿಲ್ಲ, ನೆಂಟರಲ್ಲಿ ಒಬ್ಬರನ್ನು ಕಂಡರೆ ಆಗದ ಹಾಗೆ.

ಒರೆಗಾನಿನ ಆದಾಯ ತೆರಿಗೆ ಶೇ 4.75ರಿಂದ ಶುರುವಾಗಿ 9.9ಕ್ಕೆ ಮುಗಿಯುತ್ತದೆ. ಹೇಳಬೇಕಾದ ವಿಷಯ ಏನೆಂದರೆ ನಡುವೆ 8.75ರ ಮೆಟ್ಟಿಲಿಗೆ ತೀರಾ ಬೇಗ ಹತ್ತಿಸಿಬಿಡುತ್ತಾರೆ. ಹೋಟೆಲಿನಲ್ಲಿ ತಟ್ಟೆ ಎತ್ತುವ ಹುಡುಗನೂ ಆ ಮೆಟ್ಟಿಲ ಮೇಲೆ, ನನ್ನ ಅಳಿಯನೂ ಆ ಮೆಟ್ಟಿಲ ಮೇಲೆ. ಏಪ್ರಿಲ್ 15 ರಿಟರ್ನ್ ಹಾಕಲು ಕೊನೇ ದಿನ. ಅದರ ಹಿಂದಿನ ಭಾನುವಾರ ಅಳಿಯ ಕಂಪ್ಯೂಟರಿನ ಮುಂದೆ ಕೂತಾಗ ನಾನೂ ಕುರ್ಚಿ ಎಳೆದುಕೊಂಡು ಕೂತೆ. ಇಬ್ಬರ ಸಂಬಳ ಸೇರಿ 1 ಲಕ್ಷದ 80 ಸಾವಿರ ಡಾಲರ್. ಒರೆಗಾನಿಗೆ ಕಟ್ಟಿದ್ದು 13,200. ಮನೆ ಕಂದಾಯ 5,400. ಮನೆ ಬೆಲೆ ಮಗನದಕ್ಕಿಂತ ಸ್ವಲ್ಪ ಜಾಸ್ತಿಯೇ, ಕಂದಾಯ ಮಾತ್ರ ಕಮ್ಮಿ. ಅಲ್ಲಿ 1997ರಿಂದ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ 3ಕ್ಕಿಂತ ಜಾಸ್ತಿ ಏರಕೂಡದು ಅಂತ ಕಟ್ಟು ಹಾಕಿದ್ದಾರೆ.

ಇನ್ನೊಂದು ವಿಚಿತ್ರ ಕೇಳಿ. ಸರ್ಕಾರಕ್ಕೆ ತಾನು ಮಾಡಿದ ಅಂದಾಜಿಗಿಂತ ಶೇ 2ರಷ್ಟೋ ಅದಕ್ಕಿಂತ ಹೆಚ್ಚೋ ಆದಾಯ ಬಂದರೆ ಒರೆಗಾನಿನಲ್ಲಿ ಮಿಕ್ಕಿದ್ದನ್ನು ಜನಕ್ಕೆ ವಾಪಸ್ ಕೊಡಬೇಕು. ಅದಕ್ಕೆ 'ಕಿಕ್ಕರ್' ಅಂತ ಹೆಸರು. 2024ರಲ್ಲಿ ರಿಟರ್ನ್ ಹಾಕಿದವರಿಗೆ, 2022ರಲ್ಲಿ ಕಟ್ಟಿದ್ದ ತೆರಿಗೆಯ ಶೇ 44.28ರಷ್ಟು ವಾಪಸ್ ಬಂತು. ಮಗಳ ಮನೆಗೆ 5 ಸಾವಿರ ಡಾಲರ್ ಚಿಲ್ಲರೆ. ವಸೂಲಿ ಜಾಸ್ತಿ ಆಯಿತು ಅಂತ ವಾಪಸ್ ಕೊಟ್ಟಿದ್ದನ್ನು ನಾನು 31 ವರ್ಷದ ಸೇವೆಯಲ್ಲಿ ಕಂಡಿಲ್ಲ, ಕೇಳಿಲ್ಲ! ಆದರೂ ನನಗೆ ಇದು ದಡ್ಡತನ ಅನ್ನಿಸಿತು. ಆದಾಯ ತೆರಿಗೆ ಮಳೆ ಇದ್ದ ಹಾಗೆ. ಒಂದು ವರ್ಷ ಕೆರೆ ಕೋಡಿ, ಇನ್ನೊಂದು ವರ್ಷ ತಳ. ಕೋಡಿ ಬಿದ್ದ ವರ್ಷ ನೀರೆಲ್ಲ ಹೊರಗೆ ಬಿಟ್ಟು, ಬರ ಬಂದಾಗ ಶಾಲೆಗೆ ದುಡ್ಡಿಲ್ಲ ಅಂದರೆ? ಮನೆ ಕಂದಾಯ ಬಾವಿ ನೀರು, ಏರಿಳಿತ ಕಮ್ಮಿ. ಇದು ಅದರ ಪರವಾಗಿ ಹೇಳಬೇಕಾದ ಮಾತು.

ಒರೆಗಾನಿನ ಪಕ್ಕದಲ್ಲೇ, ಕೊಲಂಬಿಯಾ ನದಿ ದಾಟಿದರೆ ವಾಷಿಂಗ್ಟನ್ ರಾಜ್ಯ (ರಾಜಧಾನಿ ವಾಷಿಂಗ್ಟನ್ ಬೇರೆ). ಅಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ಅಂಗಡಿಯಲ್ಲಿ ಶೇ 9ರ ಹತ್ತಿರ ಇದೆ. ನದಿಯ ಈ ದಡದ ಅಂಗಡಿಗಳ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಶನಿವಾರ ನಂಬರ್ ಪ್ಲೇಟ್ ನೋಡುತ್ತಾ ನಡೆದೆ. ಸಾಲು ಸಾಲು ವಾಷಿಂಗ್ಟನ್ ಗಾಡಿಗಳು. ಟಿವಿ, ಹಾಸಿಗೆ, ಸೈಕಲ್ಲು ಕಟ್ಟಿಕೊಂಡು ಸೇತುವೆ ದಾಟುತ್ತಾರೆ. ಹೀಗೆ ತಂದಿದ್ದಕ್ಕೂ ತಮ್ಮ ರಾಜ್ಯಕ್ಕೆ ತೆರಿಗೆ ಕಟ್ಟಬೇಕು ಅಂತ ಅವರ ಕಾನೂನು ಹೇಳುತ್ತದೆ. ಕಾರಾದರೆ ನೋಂದಣಿ ಮಾಡಿಸುವಾಗ ಸಿಕ್ಕಿಬೀಳುತ್ತಾರೆ. ಹಾಸಿಗೆಗೆ ನೋಂದಣಿ ಇಲ್ಲವಲ್ಲ. ಮಗಳ ಪರಿಚಯದ ಒಂದು ಮೈಸೂರಿನ ಕುಟುಂಬ, ಎರಡೂ ಕಡೆಯ ಲಾಭ ಸಿಗಲಿ ಅಂತ ಆ ದಡದ ವ್ಯಾಂಕೂವರಿನಲ್ಲಿ (ಕೆನಡಾದ್ದಲ್ಲ) ಮನೆ ಮಾಡಿತು. ಯಜಮಾನರ ಆಫೀಸು ಈ ದಡದ ಪೋರ್ಟ್‌ಲ್ಯಾಂಡಿನಲ್ಲಿ. ಕೆಲಸ ಎಲ್ಲಿ ಮಾಡುತ್ತೀರೋ ಅಲ್ಲಿಗೆ ಆದಾಯ ತೆರಿಗೆ ಕೊಡಿ ಅಂತ ಒರೆಗಾನ್ ವಸೂಲಿ ಮಾಡುತ್ತದೆ. ಇತ್ತ ಮನೆ ಪಕ್ಕದ ಅಂಗಡಿಯಲ್ಲಿ ಹಾಲು ತರಕಾರಿ ಬಿಟ್ಟು ಏನು ಕೊಂಡರೂ ವಾಷಿಂಗ್ಟನ್ ವಸೂಲಿ ಮಾಡುತ್ತದೆ. ಅವರ ಮನೆಯಲ್ಲಿ ಬಿಸಿಬೇಳೆಬಾತು ತಿನ್ನುತ್ತಾ ಇದನ್ನು ಕೇಳಿದೆ. ನಗಬಾರದಿತ್ತು, ನಕ್ಕೆ.

ಈಗ ಲೆಕ್ಕಕ್ಕೆ ಬರೋಣ. ಮಗನಿಗೆ ಕೆಲಸ ಇದ್ದಾಗ ವರ್ಷಕ್ಕೆ 1 ಲಕ್ಷದ 50 ಸಾವಿರ ಡಾಲರ್. ಮನೆ ಕಂದಾಯ 8 ಸಾವಿರ. ಅಂಗಡಿ ತೆರಿಗೆ, ಸೊಸೆ ಇಟ್ಟಿದ್ದ ಬಿಲ್ಲುಗಳ ಮೇಲೆ ಅಂದಾಜು ಮಾಡಿ, 2 ಸಾವಿರ. ಒಟ್ಟು 10 ಸಾವಿರ, ಅಂದರೆ ಸಂಬಳದ ಶೇ 7ಕ್ಕೂ ಕಮ್ಮಿ. ಮಗಳು ಅಳಿಯನದು 18,600, ಶೇ 10ಕ್ಕೂ ಸ್ವಲ್ಪ ಮೇಲೆ. ಮಗನೇ ಗೆದ್ದ. ನಾನು ಸುಳ್ಳು ಹೇಳುವುದಿಲ್ಲ. ಕೈತುಂಬ ಸಂಬಳ ಇರುವವನಿಗೆ ಟೆಕ್ಸಾಸ್ ಲಾಭವೇ. ನಿಮ್ಮ ಪತ್ರದ ಲೇಖಕರ ನೆಂಟರು ಅಲ್ಲಿದ್ದರೆ ಅವರು ಹೊಗಳಿದ್ದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಮಗನ ಮನೆಗೆ ಹದಿನೈದು ದಿನಕ್ಕೊಮ್ಮೆ ಗುಡಿಸಿ ಒರೆಸಲು ಒಬ್ಬಾಕೆ ಬರುತ್ತಿದ್ದಳು. ಮೆಕ್ಸಿಕೋ ಕಡೆಯವಳು. ನನ್ನಾಕೆ ಮಾಡಿದ ಚಿತ್ರಾನ್ನ ಅವಳಿಗೆ ಭಾರಿ ಇಷ್ಟ, ಮೇಲೆ ಇನ್ನಷ್ಟು ಹಸಿಮೆಣಸು ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ಮಗನ ಕೆಲಸ ಹೋದಮೇಲೆ ಅವಳನ್ನೂ ಬಿಡಬೇಕಾಯಿತು. ಕೊನೆಯ ದಿನ ಮಾತಿಗೆ ಬಂದು, ಬಾಡಿಗೆ ಏರಿಸಿದ್ದಾರೆ, ಕಂದಾಯ ಜಾಸ್ತಿ ಆಯಿತು ಅಂತ ಕಾರಣ ಕೊಟ್ಟಿದ್ದಾರೆ ಅಂದಳು. ಅಲ್ಲಿ ಇಲ್ಲಿ ಮನೆಗಳ ಕೆಲಸ ಸೇರಿಸಿ ಅವಳ ದುಡಿಮೆ ವರ್ಷಕ್ಕೆ 30 ಸಾವಿರ ಡಾಲರ್ ಅಂತ ಮಗನ ಅಂದಾಜು.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಮೊಮ್ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಅವಳಿರುವ ಫ್ಲಾಟಿನ ಬೆಲೆ ಒಂದೂವರೆ ಲಕ್ಷ ಡಾಲರ್ ಅಂತ ಇಟ್ಟುಕೊಳ್ಳಿ. ಮಗನ ಮನೆಗೆ ಸಿಕ್ಕ 1 ಲಕ್ಷದ ವಿನಾಯಿತಿ ಅದಕ್ಕಿಲ್ಲ. ಅದು ಸ್ವಂತ ಮನೆಯಲ್ಲಿ ತಾನೇ ವಾಸ ಇರುವವರಿಗೆ ಮಾತ್ರ, ಬಾಡಿಗೆ ಕಟ್ಟಡಕ್ಕಲ್ಲ. ಮಗನ ಊರಿನ ದರಗಳನ್ನೆಲ್ಲ ಕೂಡಿದರೆ ನೂರಕ್ಕೆ 1.75. ಒಂದೂವರೆ ಲಕ್ಷಕ್ಕೆ 2,625 ಡಾಲರ್. ಮಾಲೀಕ ಅದನ್ನು ತನ್ನ ಜೇಬಿನಿಂದ ಕೊಡುತ್ತಾನಾ? ಬಹುಪಾಲು ಬಾಡಿಗೆಗೇ ಸೇರಿಸುತ್ತಾನೆ. ಪೂರ್ತಿ ಸೇರಿಸಿದ ಅಂತ ಹಿಡಿದರೆ 30 ಸಾವಿರಕ್ಕೆ 2,625, ಅಂದರೆ ಶೇ 8.75. ಒರೆಗಾನಿನಲ್ಲಿ ಆದಾಯ ತೆರಿಗೆಯ ಆ ಮೆಟ್ಟಿಲಿನ ದರವೂ 8.75! ಬೇಕಂತ ಹೊಂದಿಸಿದ್ದಲ್ಲ, ಲೆಕ್ಕ ಹಾಗೆ ಬಂತು. ಆದಾಯ ತೆರಿಗೆಯೇ ಇಲ್ಲದ ರಾಜ್ಯದಲ್ಲಿ ಆ ಹೆಂಗಸು ಹೆಸರು ಬದಲಿಸಿಕೊಂಡ ಆದಾಯ ತೆರಿಗೆ ಕಟ್ಟುತ್ತಿದ್ದಾಳೆ. ಅದರ ಮೇಲೆ ಸೋಪು, ಬಟ್ಟೆ, ಫೋನು, ಗಾಡಿಯ ಟೈರು ಅಂತ ವರ್ಷಕ್ಕೆ 9 ಸಾವಿರ ಖರ್ಚು ಮಾಡಿದರೆ ಅಂಗಡಿ ತೆರಿಗೆ ಇನ್ನೊಂದು 750. ಅವಳ ಪಾಲು ಶೇ 11 ದಾಟಿತು. ನನ್ನ ಮಗನದು ಶೇ 7ರೊಳಗೆ.

ಒರೆಗಾನಿನಲ್ಲಿ ಇಂಥವಳಿಗೆ ಏನಾಗುತ್ತಿತ್ತು ಅಂತಲೂ ನೋಡಿದೆ. ಆದಾಯ ತೆರಿಗೆ 1,700ರ ಸುಮಾರು, ಬಾಡಿಗೆಯೊಳಗಿನ ಕಂದಾಯ 1,500ರ ಸುಮಾರು. ಶೇ 10ಕ್ಕೆ ಸ್ವಲ್ಪ ಮೇಲೆ. ಅವಳಿಗೆ ಅದೇನೂ ಸ್ವರ್ಗ ಅಲ್ಲ, ಟೆಕ್ಸಾಸಿಗೂ ಅದಕ್ಕೂ ದೊಡ್ಡ ವ್ಯತ್ಯಾಸವೇ ಇಲ್ಲ. ಆದರೆ ಅಲ್ಲಿ ನನ್ನ ಮಗಳೂ ಶೇ 10, ನೆಲ ಒರೆಸುವವಳೂ ಶೇ 10. ಟೆಕ್ಸಾಸಿನಲ್ಲಿ ನೆಲ ಒರೆಸುವವಳದು ಜಾಸ್ತಿ, ನೆಲ ಒರೆಸಿಸಿಕೊಳ್ಳುವವನದು ಕಮ್ಮಿ. ಬೆಳಿಗ್ಗೆ ಮಗನಿಗೆ ಹಾಳೆ ತೋರಿಸಿದೆ. 'ಅವಳೂ ನಿನ್ನ ಹಾಗೆ ಮನೆ ಕಂದಾಯ ಕಟ್ತಾಳೆ ಕಣೋ, ಚೀಟಿ ಮಾತ್ರ ಬರಲ್ಲ' ಅಂದೆ. ಅವನು ಸುಮಾರು ಹೊತ್ತು ಹಾಳೆ ನೋಡಿದ. ಕೆಲಸ ಇದ್ದ ದಿನಗಳಲ್ಲಾಗಿದ್ದರೆ ಅಷ್ಟು ಹೊತ್ತು ನೋಡುತ್ತಿರಲಿಲ್ಲ ಅಂತ ನನ್ನ ಗುಮಾನಿ.

ಏಪ್ರಿಲ್ ಕೊನೆಗೆ ಮತ್ತೆ ಡಲ್ಲಾಸಿಗೆ ಬಂದಾಗ ಹೊಸ ವರ್ಷದ ಬೆಲೆಯ ನೋಟಿಸು ಬಂದಿತ್ತು. 5 ಲಕ್ಷದ 48 ಸಾವಿರ. ಮನೆ ಕೂತಲ್ಲೇ ಕೂತಿದೆ, ಯಜಮಾನನ ಕೆಲಸ ಹೋಗಿದೆ, ಬೆಲೆ ಏರಿದೆ. ಮೇ 15ರೊಳಗೆ ತಕರಾರು ಹಾಕಬಹುದು. ಇದು ನನ್ನ ಕ್ಷೇತ್ರ, ನಾನೇ ಮುಂದೆ ಬಿದ್ದೆ. ಆ ಕಡೆಯ ಮಣ್ಣು ನಮ್ಮ ಎರೆಮಣ್ಣಿನಂಥದ್ದೇ, ಕಪ್ಪಗೆ, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಂಥದ್ದು. ಬೇಸಿಗೆಯಲ್ಲಿ ಜನ ಮನೆಯ ಅಡಿಪಾಯಕ್ಕೇ ಪೈಪು ಇಟ್ಟು ನೀರು ಬಿಡುತ್ತಾರೆ, ತೆಂಗಿನ ಗಿಡಕ್ಕೆ ಬಿಟ್ಟ ಹಾಗೆ! ಮಗನ ಮನೆಯ ಗ್ಯಾರೇಜಿನಿಂದ ಅಡುಗೆ ಕೋಣೆಯವರೆಗೆ ಒಂದು ಬಿರುಕು ಓಡಿತ್ತು. ಅದರೊಳಗೆ ಅಳತೆ ಕಡ್ಡಿ ನಿಲ್ಲಿಸಿ ಹನ್ನೊಂದು ಫೋಟೊ ತೆಗೆಸಿದೆ.

ಕಚೇರಿಗೆ ನಾನೂ ಹೋದೆ. ಮೇಜಿನ ಆ ಕಡೆ ಮೂವತ್ತರ ಒಬ್ಬ ಯುವಕ. ಟೆಕ್ಸಾಸಿನಲ್ಲಿ ಮನೆ ಎಷ್ಟಕ್ಕೆ ಮಾರಾಟ ಆಯಿತು ಅಂತ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನಿಲ್ಲ. ಹಾಗಾಗಿ ಎರಡೂ ಕಡೆಯವರು ತಮಗೆ ಸಿಕ್ಕ ಅಂಕಿಗಳನ್ನು ಹಿಡಿದು ಚೌಕಾಸಿಗೆ ಕೂರುತ್ತಾರೆ. ದನದ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿಯುವುದು ಬಿಟ್ಟರೆ ಮಿಕ್ಕಿದ್ದೆಲ್ಲ ಹಾಗೆಯೇ. ಮಗ ಮಾತಾಡುತ್ತಿದ್ದ, ನಾನು ಫೋಟೊ ಒಂದೊಂದಾಗಿ ಮುಂದಿಡುತ್ತಿದ್ದೆ. ಆ ಹುಡುಗ ನಗುಮುಖದಿಂದ ಎಲ್ಲ ಕೇಳಿಸಿಕೊಂಡ. ಆ ನಗು ನನಗೆ ಗೊತ್ತು. 31 ವರ್ಷ ನಾನೇ ನಕ್ಕಿದ್ದೇನೆ. ಕೊನೆಗೆ 5 ಲಕ್ಷದ 31 ಸಾವಿರಕ್ಕೆ ಇಳಿಸಿದ. ವರ್ಷಕ್ಕೆ 300 ಡಾಲರಿನಷ್ಟು ಉಳಿಯಿತು. ಕಾರಿನಲ್ಲಿ ಕೂತಮೇಲೆ ಮಗ 'ಅಪ್ಪ, ನಿಮ್ಮ ವಿಮಾನದ ಟಿಕೆಟ್ ದುಡ್ಡು ಐದು ವರ್ಷಕ್ಕೆ ಬರುತ್ತೆ' ಅಂದ. ಜನವರಿ ಆದಮೇಲೆ ಅವನು ತಮಾಷೆ ಮಾಡಿದ್ದು ಅದೇ ಮೊದಲು. ಕೆಲಸ ಸಿಕ್ಕಿದ್ದು ಜುಲೈಯಲ್ಲಿ.

ಹೋದ ನವೆಂಬರಿನಲ್ಲಿ ಟೆಕ್ಸಾಸಿನವರು ಮತ ಹಾಕಿ ಆ 1 ಲಕ್ಷದ ವಿನಾಯಿತಿಯನ್ನು 1 ಲಕ್ಷ 40 ಸಾವಿರಕ್ಕೆ ಏರಿಸಿದರು. ಮಗನಿಗೆ ಇನ್ನೊಂದು 440 ಡಾಲರ್ ಉಳಿಯಿತು, ಫೋನಿನಲ್ಲಿ ಖುಷಿಯಿಂದ ಹೇಳಿದ. ನೆಲ ಒರೆಸುವವಳ ಬಾಡಿಗೆ ಇಳಿಯಿತಾ ಅಂತ ಕೇಳಿದೆ. 'ಅದಕ್ಕೂ ಇದಕ್ಕೂ ಏನು ಸಂಬಂಧ' ಅನ್ನಲಿಲ್ಲ ಪುಣ್ಯಕ್ಕೆ. ಸುಮ್ಮನಾದ.

ನಮ್ಮ ವಿಷಯಕ್ಕೆ ಬಂದರೆ, ನಿಮ್ಮ ಪತ್ರದ ಲೇಖಕರು ಕೇಳುತ್ತಿರುವ ಟೆಕ್ಸಾಸ್ ಇಲ್ಲೇ ಇದೆ. ಸಂಬಳಕ್ಕೆ ಆದಾಯ ತೆರಿಗೆ ಹಾಕುವ ಅಧಿಕಾರ ನಮ್ಮ ರಾಜ್ಯಗಳಿಗೆ ಇಲ್ಲವೇ ಇಲ್ಲ. ಕೃಷಿ ಆದಾಯಕ್ಕೆ ಹಾಕಬಹುದು. ಕಾಫಿ ತೋಟದವರು ಒಂದು ಕಾಲಕ್ಕೆ ಕಟ್ಟುತ್ತಿದ್ದರು. ಸಂಬಳದಿಂದ ಕರ್ನಾಟಕ ಹಿಡಿಯುವುದು ವೃತ್ತಿ ತೆರಿಗೆ ಒಂದೇ. ಅದಕ್ಕೂ ವರ್ಷಕ್ಕೆ 2,500 ರೂಪಾಯಿ ಮೀರಬಾರದು ಅಂತ 1988ರಿಂದ ಸಂವಿಧಾನದಲ್ಲೇ ಮಿತಿ ಇದೆ. ತಿಂಗಳಿಗೆ 25 ಸಾವಿರ ಸಂಬಳದ ಗುಮಾಸ್ತನೂ ಅಷ್ಟೇ ಕೊಡಬೇಕು, 25 ಲಕ್ಷ ಎಣಿಸುವ ಕಂಪನಿ ದೊರೆಯೂ ಅಷ್ಟೇ ಕೊಡಬೇಕು. ಹಾಗಾದರೆ ರಾಜ್ಯ ತಾನೇ ವಸೂಲಿ ಮಾಡುವ ದುಡ್ಡು ಎಲ್ಲಿಂದ? ಎಸ್‌ಜಿಎಸ್‌ಟಿ, ಹೆಂಡದ ಅಬಕಾರಿ, ನೋಂದಣಿ, ಗಾಡಿ ತೆರಿಗೆ, ಪೆಟ್ರೋಲಿನ ಮಾರಾಟ ತೆರಿಗೆ. ಪೆಟ್ರೋಲಿಗೆ 2024ರ ಜೂನಿನಲ್ಲಿ ಶೇ 29.84 ಮಾಡಿದರು. ಬಂಕಿನಲ್ಲಿ ಆಟೋದವನ ಹಿಂದೆ ಯಾರ ದೊಡ್ಡ ಕಾರು ನಿಂತಿದ್ದರೂ ಇಬ್ಬರಿಗೂ ಒಂದೇ ದರ. ಕೂಲಿಯವನ ಟೂತ್‌ಪೇಸ್ಟಿಗೂ ಕಾರ್ಖಾನೆ ಮಾಲೀಕನ ಟೂತ್‌ಪೇಸ್ಟಿಗೂ ಒಂದೇ ಜಿಎಸ್‌ಟಿ. ಇನ್ನು ಕೇಂದ್ರದ ಆದಾಯ ತೆರಿಗೆಯನ್ನೂ ತೆಗೆದು ಆ ಹೊರೆಯನ್ನು ಅಂಗಡಿಗೂ ಮನೆಗೂ ಹಾಕಿ ಅನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಇದೇ ಅಲ್ವಾ?

ಅವರಿಗೆ ನನ್ನದೊಂದು ಕೋರಿಕೆ. ಈ ಸಲ ಟೆಕ್ಸಾಸಿನ ನೆಂಟರಿಗೆ ಫೋನ್ ಮಾಡಿದಾಗ ಸಂಬಳದ ಚೀಟಿ ಬೇಡ, ಫ್ರಿಜ್ ಬಾಗಿಲಿನ ಕಾಗದ ಓದಿಸಿ ಕೇಳಲಿ. ಹಾಗೇ ಅವರ ಮನೆ ಗುಡಿಸುವವರ ಬಾಡಿಗೆ ಎಷ್ಟು ಅಂತಲೂ ಕೇಳಲಿ.

ಪತ್ರ ಮುಗಿಸುತ್ತೇನೆ. ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ನಮ್ಮ ಪುರಸಭೆಯಲ್ಲಿ ಶೇ 5 ರಿಯಾಯಿತಿ ಇದೆ, ನನ್ನ ಮನೆಯದು ಇನ್ನೂ ಕಟ್ಟಿಲ್ಲ. ಬಿಲ್ ಕಲೆಕ್ಟರ್ ಆಗಿದ್ದವನು ರಿಯಾಯಿತಿ ತಪ್ಪಿಸಿಕೊಂಡರೆ ಊರವರು ನಗುತ್ತಾರೆ. ಮಗನಿಗೂ ಈ ತಿಂಗಳಲ್ಲೇ ಹೊಸ ನೋಟಿಸು ಬರಬೇಕು. ಬಿರುಕು ಈಗ ಊಟದ ಟೇಬಲ್ಲಿನ ಹತ್ತಿರ ಬಂದಿದೆಯಂತೆ. ಅಳತೆ ಕಡ್ಡಿ ನಿಲ್ಲಿಸಿ ಫೋಟೊ ತೆಗೆದಿಡು ಅಂತ ಹೇಳಿದ್ದೇನೆ.

ಇಂತಿ,
ನಿವೃತ್ತ ಬಿಲ್ ಕಲೆಕ್ಟರ್, ತುಮಕೂರು ಜಿಲ್ಲೆ